ಬೆಕ್ಕಿಂದ ಸೀನು ಬರ್ತದೇನು? ‘ಅಲರ್ಜಿ ಆಗದ ಬೆಕ್ಕು’ ಕೊಳ್ಳುವ ಮೊದಲು ಇಷ್ಟು ತಿಳ್ಕೊಳ್ಳಿ

ತೋಟದ ಮನೆ ಅಂದಮೇಲೆ ಬೆಕ್ಕು ಇರಲೇಬೇಕು. ಜೋಳ, ಗೋವಿನಜೋಳದ ಚೀಲ ಒಟ್ಟಿದ ಕೋಣೆ, ಹಿಂದೆ ಕಣಕಿ ಬಣವೆ, ಸುತ್ತ ಕಬ್ಬು. ಇಷ್ಟಿದ್ದರೆ ಇಲಿ, ಹೆಗ್ಗಣಕ್ಕೆ ಬೇರೆ ಆಮಂತ್ರಣ ಬೇಕಿಲ್ಲ. ನಿಪ್ಪಾಣಿಯಿಂದ ಅಥಣಿ ತನಕ ಯಾವ ತೋಟಕ್ಕೆ ಹೋದರೂ ಒಂದೋ ಎರಡೋ ಬೆಕ್ಕು ಕಾಲಿಗೆ ತೊಡರ್ತಾವೆ. ಅವನ್ನು ಯಾರೂ ದುಡ್ಡು ಕೊಟ್ಟು ತಂದಿಲ್ಲ. ತಾವೇ ಬಂದು ಉಳಿದವು.

ಹೀಗಿರುವಾಗ ಮನೆಯಲ್ಲಿ ಒಬ್ಬರಿಗೆ ಸೀನು ಶುರುವಾಗ್ತದೆ. ಕಣ್ಣು ತುರಿಕೆ, ಮೂಗು ಸೋರೋದು, ರಾತ್ರಿ ಕೆಮ್ಮು. ಎಲ್ಲರ ಕಣ್ಣು ಮೊದಲು ಹೋಗೋದು ಬೆಕ್ಕಿನ ಕಡೆಗೇ. ಆಮೇಲೆ ಎರಡು ದಾರಿ. ಹಳೇ ದಾರಿ ಅಂದರೆ ಬೆಕ್ಕನ್ನು ಗೋಣಿಚೀಲಕ್ಕೆ ಹಾಕಿ ಹೊಳೆ ದಾಟಿಸಿ ಬಿಟ್ಟು ಬರೋದು. ಹೊಸ ದಾರಿ ಅಂದರೆ ಮೊಬೈಲ್‌ನಲ್ಲಿ ಹುಡುಕಿ ‘ಹೈಪೋಅಲರ್ಜೆನಿಕ್’ ಅಂತ ಬರೆದ ಪರ್ಷಿಯನ್ ಮರಿಗೆ ಸಾವಿರಾರು ರೂಪಾಯಿ ಅಡ್ವಾನ್ಸ್ ಕಳಿಸೋದು. ಮೊದಲನೆಯದರಲ್ಲಿ ಬೆಕ್ಕು ಹೋಗ್ತದೆ, ಎರಡನೆಯದರಲ್ಲಿ ದುಡ್ಡು ಹೋಗ್ತದೆ. ಸೀನು ಮಾತ್ರ ಎರಡರಲ್ಲೂ ಉಳಿಯೋ ಸಾಧ್ಯತೆಯೇ ಹೆಚ್ಚು.

ಕೂದಲು ಅಲ್ಲ, ಎಂಜಲು

ಬೆಕ್ಕಿನ ಕೂದಲು ಮೂಗಿಗೆ ಹೋಗಿ ಸೀನು ಬರ್ತದೆ ಅನ್ನೋದು ನಮ್ಮಲ್ಲಿ ಗಟ್ಟಿಯಾಗಿ ಕೂತ ನಂಬಿಕೆ. ನಿಜವಾದ ಕಾರಣ ಒಂದು ಪ್ರೋಟೀನು. ವಿಜ್ಞಾನಿಗಳು ಅದಕ್ಕೆ ಇಟ್ಟ ಹೆಸರು ‘ಫೆಲ್ ಡಿ 1’. ಬೆಕ್ಕಿನ ಎಂಜಲಲ್ಲಿ ಮತ್ತು ಚರ್ಮದ ಎಣ್ಣೆ ಗ್ರಂಥಿಗಳಲ್ಲಿ ಇದು ತಯಾರಾಗ್ತದೆ. ಬೆಕ್ಕಿನ ಅಲರ್ಜಿ ಇರುವ ಹತ್ತು ಜನರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಯ ಮೈ ಇದಕ್ಕೇ ತಿರುಗಿ ಬೀಳ್ತದೆ.

ಬೆಕ್ಕು ದಿನವಿಡೀ ಮೈ ನೆಕ್ಕೋದನ್ನು ನೋಡಿದ್ದೀರಿ. ಆ ಎಂಜಲು ಕೂದಲ ಮೇಲೆ ಒಣಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾಗಿ ಉದುರ್ತದೆ. ಹಿಟ್ಟಿನ ಗಿರಣಿ ನೆನಪಿಸಿಕೊಳ್ಳಿ. ಗಾಳಿಯಲ್ಲಿ ತೇಲೋ ಹಿಟ್ಟು ಗೋಡೆ, ಪಟ್ಟಿ, ಗಿರಣಿಯವನ ಮೀಸೆ ಎಲ್ಲಕ್ಕೂ ಅಂಟಿರ್ತದಲ್ಲ, ಇದೂ ಹಂಗೇ. ಆದರೆ ಹಿಟ್ಟಿಗಿಂತ ಬಹಳ ಹಗುರ. ಗಂಟೆಗಟ್ಟಲೆ ಗಾಳಿಯಲ್ಲಿ ನಿಲ್ತದೆ, ಕೌದಿ, ಗಾದಿ, ಅಂಗಿಗೆ ಅಂಟಿಕೊಂಡು ಊರೂರು ತಿರುಗ್ತದೆ. ಬೆಕ್ಕೇ ಇಲ್ಲದ ಮನೆ, ಶಾಲೆಗಳ ಧೂಳಿನಲ್ಲೂ ಇದು ಸಿಕ್ಕಿದೆ.

ಇಲ್ಲೇ ಗೋಣಿಚೀಲದ ಉಪಾಯ ಕೈಕೊಡೋದು. ಬೆಕ್ಕನ್ನು ಇವತ್ತು ಬಿಟ್ಟು ಬಂದರೂ ಅದರ ಪುಡಿ ಮನೆಯಲ್ಲಿ ಇರ್ತದೆ. ಬೆಕ್ಕಿಲ್ಲದ ಮನೆಯ ಮಟ್ಟಕ್ಕೆ ಇಳಿಯಲು ನಾಲ್ಕರಿಂದ ಆರು ತಿಂಗಳು ಹಿಡಿಯೋದು ಸಾಮಾನ್ಯ. ಹದಿನೈದು ದಿನ ನೋಡಿ, ಸೀನು ನಿಲ್ಲಲಿಲ್ಲ ಅಂದಾಗ ಮನೆಯವರು ‘ಪಾಪ, ಬೆಕ್ಕಿನ ತಪ್ಪಲ್ಲ ಬಿಡು’ ಅಂತಾರೆ. ಅಷ್ಟೊತ್ತಿಗೆ ಕಾಳಿನ ಕೋಣೆ ಇಲಿಗಳ ಪಾಲಾಗಿರ್ತದೆ. ಇಲಿಯ ಮೂತ್ರದ ಪ್ರೋಟೀನೂ ಅಲರ್ಜಿ ತರ್ತದೆ ಅನ್ನೋದು ಬಹಳ ಜನರಿಗೆ ಗೊತ್ತಿಲ್ಲ. ಇಲಿ ಜ್ವರದ ಮಾತು ಬೇರೆ.

ಹಂಗಾದ್ರ ಅಲರ್ಜಿ ಆಗದ ಬೆಕ್ಕು ಇದೆಯೋ ಇಲ್ಲವೋ?

ಇಲ್ರಿ. ಕೂದಲು ಉದ್ದ ಇರಲಿ, ಗಿಡ್ಡ ಇರಲಿ, ಮೈಮೇಲೆ ಕೂದಲೇ ಇಲ್ಲದ ಸ್ಫಿಂಕ್ಸ್ ಜಾತಿ ಇರಲಿ, ಎಂಜಲು ಎಲ್ಲಕ್ಕೂ ಇದೆ. ಮಾರುವವರ ಮಾತು ಕೇಳಿ ನೋಡಿ. ಸ್ಫಿಂಕ್ಸ್ ಮಾರುವವನು ‘ಕೂದಲೇ ಇಲ್ಲ, ಅದಕ್ಕೇ ಅಲರ್ಜಿ ಇಲ್ಲ’ ಅಂತಾನೆ. ಸೈಬೀರಿಯನ್ ಮಾರುವವನು ‘ಕೂದಲು ದಟ್ಟ, ಪುಡಿಯನ್ನು ಹಿಡಿದಿಟ್ಟುಕೊಳ್ತದೆ, ಅದಕ್ಕೇ ಅಲರ್ಜಿ ಇಲ್ಲ’ ಅಂತಾನೆ. ಇಬ್ಬರೂ ಹೇಗೆ ಸರಿ ಆಗ್ತಾರೆ?

ಬೆಕ್ಕಿಂದ ಬೆಕ್ಕಿಗೆ ಈ ಪ್ರೋಟೀನಿನ ಪ್ರಮಾಣ ಬಹಳ ವ್ಯತ್ಯಾಸ ಆಗೋದು ನಿಜ. ಒಂದು ಬೆಕ್ಕಿನ ಹತ್ತಿರ ಕೂತರೆ ಏನೂ ಆಗದವನಿಗೆ ಇನ್ನೊಂದರ ಹತ್ತಿರ ಮೂಗು ಕಟ್ಟಬಹುದು. ಆದರೆ ಅದು ಆ ಒಂದು ಬೆಕ್ಕಿನ ಗುಣ, ಜಾತಿ ನೋಡಿ ಹೇಳೋಕೆ ಬರೋದಿಲ್ಲ. ಒಂದೇ ಬೆಕ್ಕಿನಲ್ಲೂ ದಿನದಿಂದ ದಿನಕ್ಕೆ ಹೆಚ್ಚುಕಡಿಮೆ ಆಗ್ತದೆ. ಎಲ್ಲ ಬೆಕ್ಕಿಗೂ ಅನ್ವಯಿಸೋ ಒಂದು ಮಾತು ಅಂದರೆ, ಬೀಜ ಒಡೆಸದ ಗಂಡು ಬೆಕ್ಕು ಹೆಚ್ಚು ತಯಾರಿಸ್ತದೆ, ಹೆಣ್ಣು ಮತ್ತು ಬೀಜ ಒಡೆಸಿದ ಗಂಡು ಕಡಿಮೆ.

‘ಗ್ಯಾರಂಟಿ’ ಮಾತಿಗೆ ಮೋಸ ಹೋದವರು ನಮ್ಮಲ್ಲಷ್ಟೇ ಇಲ್ಲ. ಅಮೆರಿಕದಲ್ಲಿ ಅಲರ್ಕಾ ಅನ್ನೋ ಕಂಪನಿ 2004ರಲ್ಲಿ ಅಲರ್ಜಿ ಮಾಡದ ಬೆಕ್ಕು ತರ್ತೇವೆ ಅಂತ ಸಾರಿತು. 2006ರಲ್ಲಿ ಒಂದೊಂದು ಮರಿಗೆ ಸುಮಾರು 4,000 ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ ಒಂದೂಮುಕ್ಕಾಲು ಲಕ್ಷ ರೂಪಾಯಿ. ಟೈಮ್ ಪತ್ರಿಕೆ ಅದನ್ನು ಆ ವರ್ಷದ ಒಳ್ಳೆಯ ಆವಿಷ್ಕಾರಗಳ ಪಟ್ಟಿಗೂ ಸೇರಿಸಿತು. ಆದರೆ ಬೇರೆ ವಿಜ್ಞಾನಿಗಳು ಪರೀಕ್ಷಿಸಿ ನೋಡುವಂಥ ಪುರಾವೆಯನ್ನು ಕಂಪನಿ ಪ್ರಕಟಿಸಲೇ ಇಲ್ಲ. ಮುಂದೆ ಅದೇ ಕಂಪನಿ ‘ಅಶೇರಾ’ ಅನ್ನೋ ಹೊಸ ತಳಿ ಅಂತ 22,000 ಡಾಲರ್‌ಗೆ ಮಾರೋಕೆ ಹೊರಟಿತು. 2008ರಲ್ಲಿ ಡಿಎನ್‌ಎ ಪರೀಕ್ಷೆ ಆದಾಗ ಹೊರಬಿದ್ದದ್ದು ಏನು? ಅವು ಹೊಸ ತಳಿಯೇ ಅಲ್ಲ. ಪೆನ್ಸಿಲ್ವೇನಿಯಾದ ಇನ್ನೊಬ್ಬ ಸಾಕಣೆದಾರರ ಹತ್ತಿರದಿಂದ ಬಂದ ಸವಾನ್ನಾ ಜಾತಿಯ ಬೆಕ್ಕುಗಳು. ಹೆಸರಿಲ್ಲದ ಬೀಜಕ್ಕೆ ಹೊಸ ಪಾಕೀಟು ಹಾಕಿ ಮಾರಿದ ಕಥೆ ನಿಮಗೆ ಹೊಸದಲ್ಲ, ಬಿಡಿ.

ಇನ್ನು ಪರ್ಷಿಯನ್ ಮಾತು. ಅದರ ಚಪ್ಪಟೆ ಮೂಗಿಗೆ ಸೆಕೆಯಲ್ಲಿ ಉಸಿರಾಡೋದೇ ಕಷ್ಟ, ಕೂದಲು ದಿನಾ ಬಾಚಬೇಕು, ಅಥಣಿ ಕಡೆಯ ಏಪ್ರಿಲ್ ಬಿಸಿಲು ಅದಕ್ಕೆ ಶಿಕ್ಷೆ. ಇಲಿ ಹಿಡಿಯೋದಂತೂ ಕೇಳಲೇಬೇಡಿ.

ವಿಜ್ಞಾನ ಎಲ್ಲಿಗೆ ಬಂದಿದೆ

ಕೋಳಿ ಸಾಕುವವರಿಗೆ ಇದು ಇಷ್ಟ ಆಗಬಹುದು. ಕೋಳಿ ತನ್ನ ಮೈ ಎದುರಿಸಿದ ವಸ್ತುಗಳಿಗೆ ಪ್ರತಿಕಾಯ ತಯಾರಿಸಿ ಮೊಟ್ಟೆಯ ಹಳದಿಗೆ ಕಳಿಸ್ತದೆ, ಮರಿಗೆ ರಕ್ಷಣೆ ಸಿಗಲಿ ಅಂತ. ಪ್ಯೂರಿನಾ ಕಂಪನಿ ಈ ಗುಣವನ್ನೇ ಹಿಡಿದು, ಫೆಲ್ ಡಿ 1ಕ್ಕೆ ಪ್ರತಿಕಾಯ ಇರುವ ಮೊಟ್ಟೆಪುಡಿಯನ್ನು ಬೆಕ್ಕಿನ ಆಹಾರಕ್ಕೆ ಸೇರಿಸಿತು. ಬೆಕ್ಕು ತಿನ್ನುವಾಗ ಬಾಯಲ್ಲೇ ಪ್ರೋಟೀನು ನಿಷ್ಕ್ರಿಯ ಆಗ್ತದೆ. 2019ರಲ್ಲಿ ಪ್ರಕಟವಾದ ಕಂಪನಿಯದೇ ಅಧ್ಯಯನದಲ್ಲಿ 105 ಬೆಕ್ಕುಗಳ ಕೂದಲಿನ ಮೇಲಿನ ಪ್ರಮಾಣ ಮೂರನೇ ವಾರದಿಂದ ಸರಾಸರಿ 47 ಪ್ರತಿಶತ ಇಳಿಯಿತು. ಇಳಿಯಿತು, ಪೂರ್ತಿ ಹೋಗಲಿಲ್ಲ. ಅದೂ ಬೆಕ್ಕು ದಿನಾ ಅದನ್ನೇ ತಿಂದರೆ. ರೊಟ್ಟಿ-ಹಾಲು ಕುಡಿದು, ಹೊಲದಲ್ಲಿ ಇಲಿ ತಿಂದು ಬರೋ ನಮ್ಮ ಬೆಕ್ಕಿಗೆ ಈ ಲೆಕ್ಕ ಹೊಂದೋದಿಲ್ಲ.

ಅಮೆರಿಕದ ಇನ್‌ಬಯೋ ಸಂಸ್ಥೆಯವರು 2022ರಲ್ಲಿ ಕ್ರಿಸ್ಪರ್ ತಂತ್ರದಿಂದ ಬೆಕ್ಕಿನ ಜೀವಕೋಶದಲ್ಲಿ ಈ ಪ್ರೋಟೀನಿನ ಜೀನನ್ನೇ ಕತ್ತರಿಸಿ ತೋರಿಸಿದರು. ಅದು ಪ್ರಯೋಗಾಲಯದ ತಟ್ಟೆಯ ಜೀವಕೋಶ, ಮಿಯಾಂವ್ ಅನ್ನೋ ಬೆಕ್ಕಲ್ಲ.

ಮೊದಲು ಕೇಳಬೇಕಾದ್ದು: ಬೆಕ್ಕಿಂದಲೇ ಹೌದಾ?

ನಮ್ಮ ಐದು ತಾಲೂಕಿನ ಮಟ್ಟಿಗೆ ಇದೇ ದೊಡ್ಡ ಪ್ರಶ್ನೆ. ಇಲ್ಲಿ ಮೂಗಿಗೆ ಕಾಟ ಕೊಡೋ ವಸ್ತು ಒಂದೆರಡಲ್ಲ. ನಿಪ್ಪಾಣಿ ಸುತ್ತ ತಂಬಾಕಿನ ಪುಡಿ. ಕಾಗವಾಡ, ರಾಯಬಾಗ ಕಡೆ ಸಕ್ಕರೆ ಕಾರ್ಖಾನೆಯ ಬೂದಿ, ಕಬ್ಬಿನ ಸಿಪ್ಪೆಯ ಧೂಳು, ರವದಿ ಸುಟ್ಟ ಹೊಗೆ. ಎಲ್ಲ ಕಡೆ ರಾಶಿ ಮಾಡುವಾಗಿನ ಹೊಟ್ಟು. ರಸ್ತೆ ಬದಿಗೆ ಕಾಂಗ್ರೆಸ್ ಕಸ: ಅದರ ಪರಾಗದಿಂದ ಮೂಗಿನ ಅಲರ್ಜಿ ಬರ್ತದೆ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಶಕಗಳ ಹಿಂದೆಯೇ ತೋರಿಸಿದ್ದಾರೆ. ಮನೆಯೊಳಗೆ ಕೌದಿ, ಗಾದಿಯಲ್ಲಿ ಧೂಳಿನ ನುಸಿ. ಮೆಣಸಿನಕಾಯಿಗೆ ಬರೋ ನುಸಿಯ ದೂರದ ಸಂಬಂಧಿ ಅನ್ನಿ, ಇದು ನಮ್ಮ ಚರ್ಮದ ಹೊಟ್ಟು ತಿಂದು ಬದುಕ್ತದೆ.

ಬೆಕ್ಕಿನದ್ದಾದರೆ ಲಕ್ಷಣ ಹೀಗಿರ್ತದೆ: ಬೆಕ್ಕನ್ನು ಎತ್ತಿಕೊಂಡ ಕೆಲವೇ ನಿಮಿಷಕ್ಕೆ ಕಣ್ಣು ತುರಿಕೆ, ಸಾಲು ಸಾಲು ಸೀನು. ಬೆಕ್ಕು ನೆಕ್ಕಿದ, ಪರಚಿದ ಜಾಗದಲ್ಲಿ ಕೆಂಪು ದದ್ದು. ವರ್ಷವಿಡೀ ಹೀಗೇ. ಬೆಳಗ್ಗೆ ಹಾಸಿಗೆಯಿಂದ ಏಳುವಾಗ ಮಾತ್ರ ಜೋರಿದ್ದರೆ ನುಸಿಯ ಮೇಲೆ ಸಂಶಯ ಪಡಿ. ಮಳೆಯಾದ ಮೇಲೆ ಕಾಂಗ್ರೆಸ್ ಕಸ ಹೂ ಬಿಟ್ಟಾಗ ಹೆಚ್ಚಾದರೆ ಪರಾಗ. ಬೂಸ್ಟು ಹಿಡಿದ ಮೇವು ಅಥವಾ ಕಬ್ಬಿನ ಸಿಪ್ಪೆ ಕೆದರಿದ ನಾಲ್ಕೈದು ತಾಸಿನ ಮೇಲೆ ಜ್ವರ, ಮೈಕೈ ನೋವು, ಉಸಿರು ಕಟ್ಟಿದಂತೆ ಆದರೆ ಅದು ಸಾದಾ ಸೀನಿನ ಅಲರ್ಜಿಯೇ ಅಲ್ಲ, ಪುಪ್ಪುಸದ ಬೇರೆ ಕಾಯಿಲೆ. ಅದನ್ನು ನೆಗಡಿ ಅಂತ ಬಿಟ್ಟರೆ ಪುಪ್ಪುಸ ಕಾಯಂ ಆಗಿ ಕೆಡಬಹುದು.

ಕೈಯಲ್ಲಿ ಮೊಬೈಲ್ ಇದೆಯಲ್ಲ, ಮೂರು ವಾರ ಒಂದು ಲೆಕ್ಕ ಇಡಿ. ಸೀನು ಎಷ್ಟೊತ್ತಿಗೆ ಬಂತು, ಎಲ್ಲಿದ್ದಿರಿ, ಏನು ಕೆಲಸ ಮಾಡ್ತಿದ್ದಿರಿ, ಬೆಕ್ಕು ಹತ್ತಿರ ಇತ್ತಾ. ಬರೆಯೋಕೆ ಬೇಜಾರಾದರೆ ವಾಯ್ಸ್ ರೆಕಾರ್ಡ್ ಮಾಡಿ. ಡಾಕ್ಟರಿಗೆ ಇದಕ್ಕಿಂತ ಒಳ್ಳೆಯ ಮಾಹಿತಿ ಬೇರೆ ಸಿಗೋದಿಲ್ಲ.

ಖಾತ್ರಿ ಮಾಡ್ಕೊಳ್ಳೋಕೆ ಚರ್ಮದ ಚುಚ್ಚು ಪರೀಕ್ಷೆ ಇದೆ. ಮುಂಗೈ ಮೇಲೆ ಬೇರೆ ಬೇರೆ ವಸ್ತುವಿನ ಹನಿ ಇಟ್ಟು ಸಣ್ಣಗೆ ಚುಚ್ಚಿದರೆ ಹದಿನೈದು-ಇಪ್ಪತ್ತು ನಿಮಿಷಕ್ಕೆ ಯಾವುದು ಉಬ್ಬಿತು ಅಂತ ಕಾಣ್ತದೆ. ಬೆಳಗಾವಿ, ಮಿರಜ, ಕೊಲ್ಹಾಪುರದ ದೊಡ್ಡ ಆಸ್ಪತ್ರೆಗಳಲ್ಲಿ ವಿಚಾರಿಸಿ. ಹೋಗುವ ಮೊದಲೇ ಫೋನ್ ಮಾಡಿ ಕೇಳಿ, ಯಾಕಂದರೆ ಅಲರ್ಜಿ ಗುಳಿಗೆ ಕೆಲವು ದಿನ ಮೊದಲೇ ನಿಲ್ಲಿಸದಿದ್ದರೆ ಪರೀಕ್ಷೆ ಸರಿಯಾಗಿ ತೋರಿಸೋದಿಲ್ಲ. ಅಷ್ಟು ದೂರ ಹೋಗಿ ಬರಿಗೈಲಿ ಬರಬಾರದು.

ಬೆಕ್ಕಿಂದಲೇ ಅಂತ ಖಾತ್ರಿಯಾದರೆ

ಬರೀ ಸೀನು, ತುರಿಕೆ ಇದ್ದರೆ ಬೆಕ್ಕನ್ನು ಇಟ್ಟುಕೊಂಡೇ ಸಂಭಾಳಿಸಬಹುದು. ಮಲಗುವ ಕೋಣೆಗೆ ಬೆಕ್ಕು ಬರಲೇಬಾರದು, ಇದರಲ್ಲಿ ರಾಜಿ ಬೇಡ. ಅದರ ಊಟ, ಮಲಗೋ ಗೋಣಿತಾಟು ಎರಡನ್ನೂ ಕಾಳಿನ ಕೋಣೆಗೆ ಸಾಗಿಸಿ. ಒಣ ಕಸಬರಿಗೆಯಿಂದ ಗುಡಿಸಿದರೆ ಪುಡಿ ಮತ್ತೆ ಮೇಲೇಳ್ತದೆ, ಒದ್ದೆ ಬಟ್ಟೆಯಿಂದ ಒರೆಸಿ. ಕೌದಿ, ದಿಂಬಿನ ಚೀಲ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಇದರಿಂದ ನುಸಿಗೂ ಏಟು ಬೀಳ್ತದೆ. ಬೆಕ್ಕಿಗೆ ಸ್ನಾನ ಮಾಡಿಸೋ ಸಾಹಸ ಬೇಡ. ಎರಡು ದಿನಕ್ಕೆ ಮತ್ತೆ ಮೊದಲಿನಂತೆ, ಪರಚಿಸಿಕೊಂಡದ್ದೇ ಲಾಭ.

ಅಲರ್ಜಿ ಗುಳಿಗೆಗಳಲ್ಲಿ ಕೆಲವು, ಸಿಟ್ರಿಜಿನ್ ಸೇರಿ, ನಿದ್ದೆ ತರ್ತಾವೆ. ನುಂಗಿ ಟ್ರ್ಯಾಕ್ಟರ್ ಹತ್ತಬೇಡಿ, ಕಬ್ಬಿನ ಟ್ರಾಲಿ ಜೋಡಿಸಿದಾಗಂತೂ ಬೇಡವೇ ಬೇಡ. ನಿದ್ದೆ ಬಾರದ ಗುಳಿಗೆ ಇದೆ, ಡಾಕ್ಟರನ್ನು ಕೇಳಿ. ‘ಒಂದು ಇಂಜೆಕ್ಷನ್ ಮಾಡಿಸ್ಕೊಂಡರ ತಿಂಗಳು ಆರಾಮ’ ಅಂತ ಪದೇ ಪದೇ ಹೋಗೋರಿದ್ದಾರೆ. ಅದರಲ್ಲಿ ಏನಿದೆ ಅಂತ ಕೇಳಿ. ಸ್ಟಿರಾಯ್ಡ್ ಇದ್ದರೆ ಮೇಲಿಂದ ಮೇಲೆ ಚುಚ್ಚಿಸಿಕೊಂಡಷ್ಟು ಶುಗರ್ ಏರ್ತದೆ, ಎಲುಬು ಸವೀತಾವೆ.

ಎದೆಯಲ್ಲಿ ಸೊಯ್ ಸೊಯ್ ಸಪ್ಪಳ, ದಮ್ಮು, ಮಾತಾಡೋಕೆ ಉಸಿರು ಸಾಲದೆ ಇರೋದು ಇದ್ದರೆ ಮಾತು ಬೇರೆ. ಅದು ಅಸ್ತಮಾ, ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಇನ್‌ಹೇಲರ್ ಕೊಟ್ಟರೆ ‘ಚಟ ಆಗ್ತದೆ’ ಅಂತ ಮನೆಯವರು ಬಿಡಿಸ್ತಾರೆ. ಚಟ ಆಗೋದಿಲ್ಲ, ನೇರ ಪುಪ್ಪುಸಕ್ಕೆ ಹೋಗೋದರಿಂದ ಗುಳಿಗೆಗಿಂತ ಕಡಿಮೆ ಔಷಧಿಯಲ್ಲೇ ಕೆಲಸ ಆಗ್ತದೆ. ಇಂಥ ಮನೆಯಲ್ಲಿ ಬೆಕ್ಕನ್ನು ಬೇರೆಯವರಿಗೆ ಕೊಡೋದೇ ಸರಿ. ಹೊಳೆಯಾಚೆ ಬಿಡೋದಲ್ಲ, ಇಲಿ ಕಾಟ ಇರುವ ನೆಂಟರ ತೋಟಕ್ಕೆ ಕೊಡಿ. ಮತ್ತೆ ಕಾಳಿನ ಕೋಣೆಗೆ ಬ್ರೊಮಾಡಿಯೋಲೋನ್ ಬಿಲ್ಲೆ ಇಡುವ ವಿಚಾರ ಇದ್ದರೆ, ವಿಷ ತಿಂದ ಇಲಿಯನ್ನು ಹಿಡಿದು ತಿಂದ ಅಕ್ಕಪಕ್ಕದ ಬೆಕ್ಕು, ಗೂಬೆಗಳೂ ಸಾಯಬಹುದು ಅನ್ನೋದು ನೆನಪಿರಲಿ. ಸತ್ತ ಇಲಿಗಳನ್ನು ದಿನಾ ಹುಡುಕಿ ಆಳಕ್ಕೆ ಹುಗಿಯಿರಿ.

ಬೆಕ್ಕು ಉಳಿಯೋದಾದರೆ, ಗಂಡು ಮರಿ ಆರು ತಿಂಗಳಾಗುತ್ತಿದ್ದಂತೆ ಬೀಜ ಒಡೆಸೋಕೆ ತಾಲೂಕಿನ ಪಶು ಆಸ್ಪತ್ರೆಯಲ್ಲಿ ಕೇಳಿ. ಅಲರ್ಜಿಯ ಪ್ರೋಟೀನು ಕಡಿಮೆ ಆಗ್ತದೆ, ಬೆಕ್ಕು ಊರು ಸುತ್ತೋದೂ ನಿಲ್ತದೆ. ಹೋದಾಗಲೇ ರೇಬೀಸ್ ಲಸಿಕೆಯನ್ನೂ ಹಾಕಿಸಿಕೊಂಡು ಬನ್ನಿ.