ಡಿಗ್ರಿ ಇದೆ, ಪಾಸ್‌ಪೋರ್ಟ್ ಇಲ್ಲ

ಆಫೀಸಿನಲ್ಲಿ ಹೊಸಬರು ಪರಿಚಯವಾದಾಗ ಸಾಮಾನ್ಯವಾಗಿ ಕೇಳೋದು, ‘ನೀವು ನಾರ್ತ್ ಈಸ್ಟ್‌ನವರಾ?’ ‘ಅಲ್ಲ, ಪಿರಿಯಾಪಟ್ಟಣ ತಾಲ್ಲೂಕು’ ಅಂದರೆ ತಮಾಷೆ ಅಂದುಕೊಂಡು ನಗುತ್ತಾರೆ. ನಾನು ಹುಟ್ಟಿ ಬೆಳೆದದ್ದು ಬೈಲಕುಪ್ಪೆಯಲ್ಲೇ. ಆದರೆ ದಾಖಲೆ ಪ್ರಕಾರ ಟಿಬೆಟನ್ ನಿರಾಶ್ರಿತ.

1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಗಡಿ ದಾಟಿದರು. ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಿತು. ಕಾಡು ಕಡಿದು, ಆನೆಗಳಿಗೆ ಹೆದರುತ್ತ, ಮುಸುಕಿನ ಜೋಳ ಬೆಳೆದವರಲ್ಲಿ ನಮ್ಮ ಅಜ್ಜಿಯೂ ಒಬ್ಬರು. ಅಜ್ಜಿಯನ್ನು ನಾವು ‘ಮೋಲಾ’ ಅಂತೀವಿ.

ಜೋಳದಿಂದ ಹೊಟ್ಟೆ ತುಂಬುತ್ತಿತ್ತು, ಫೀಸು ಕಟ್ಟೋಕಾಗುತ್ತಿರಲಿಲ್ಲ. ಹಾಗಾಗಿ ಕೊಯ್ಲು ಮುಗಿದ ಮೇಲೆ ಅಪ್ಪ-ಅಮ್ಮ ಸ್ವೆಟರ್ ಮಾರೋಕೆ ಹುಬ್ಬಳ್ಳಿಗೆ ಹೋಗುತ್ತಿದ್ದರು. ಫುಟ್‌ಪಾತ್ ಮೇಲೆ ಅಂಗಡಿ. ಚಳಿಗಾಲ ಮುಗಿಯುವವರೆಗೆ ನಾನು, ತಂಗಿ ಮೋಲಾ ಜೊತೆ. ನನ್ನ ಇಂಜಿನಿಯರಿಂಗ್ ಫೀಸು ಬಂದದ್ದು ಆ ಸ್ವೆಟರ್‌ಗಳಿಂದಲೇ.

ಶಾಲೆಯ ವಿಷಯದಲ್ಲಿ ನಾವು ಅದೃಷ್ಟವಂತರು. ಟಿಬೆಟನ್ ಮಕ್ಕಳ ಶಾಲೆಗಳಿಗಾಗಿಯೇ ಕೇಂದ್ರ ಸರ್ಕಾರ 1961ರಲ್ಲಿ ಪ್ರತ್ಯೇಕ ಸಂಸ್ಥೆ ಮಾಡಿತು. ನೆಹರೂ ಅವರ ಕಾಳಜಿ ಅದು. ಕ್ಯಾಂಪಿನ ಶಾಲೆಯಲ್ಲಿ ಟಿಬೆಟನ್, ಇಂಗ್ಲಿಷ್, ಹಿಂದಿ ಕಲಿತೆ. ಕನ್ನಡ ಕಲಿತದ್ದು ಕುಶಾಲನಗರದ ಸಂತೆಯಲ್ಲಿ, ಕ್ರಿಕೆಟ್ ಆಟದಲ್ಲಿ. ಅಕ್ಷರ ಕೂಡಿಸಿ ಓದಿದ್ದು ಬಸ್ಸಿನ ಬೋರ್ಡು ನೋಡಿ.

ಕಷ್ಟ ಶುರುವಾಗೋದು ಡಿಗ್ರಿ ಆದ ಮೇಲೆ

ನನ್ನ ಗುರುತು ಅಂದರೆ ಆರ್‌ಸಿ, ನೋಂದಣಿ ಪ್ರಮಾಣಪತ್ರ. ಅವಧಿ ಮುಗಿದಾಗಲೆಲ್ಲ ನವೀಕರಿಸಬೇಕು. ವಿದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬದಲು ಹಳದಿ ಬಣ್ಣದ ಐಸಿ ಪುಸ್ತಕ. ಜೊತೆಗೆ ಎಕ್ಸಿಟ್ ಪರ್ಮಿಟ್. ಮೂರು ವರ್ಷದ ಹಿಂದೆ ನನಗೆ ಆನ್‌ಸೈಟ್ ಅವಕಾಶ ಬಂತು. ಕ್ಲೈಂಟ್ ಮೂರು ವಾರದಲ್ಲಿ ಜನ ಬೇಕು ಅಂದರು. ಅಷ್ಟರೊಳಗೆ ನನ್ನ ಕಾಗದಪತ್ರ ಆಗಲ್ಲ ಅಂತ ಪಕ್ಕದ ಸೀಟಿನ ಗೆಳೆಯನನ್ನು ಕಳಿಸಿದರು. ನಾನು ಬರೆದ ಕೋಡ್ ಬಗ್ಗೆ ಅವನು ರಾತ್ರಿ ಫೋನ್ ಮಾಡಿ ಕೇಳುತ್ತಿದ್ದ.

‘ಸಿಟಿಜನ್‌ಶಿಪ್ ತಗೊಳ್ಳೋಕೆ ಏನು ಕಷ್ಟ?’ ಅಂತ ನೀವು ಕೇಳಬಹುದು. ಕಾನೂನು ನಮ್ಮ ಪರ ಇದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಇದು ಟಿಬೆಟನ್ನರಿಗೂ ಅನ್ವಯ ಎಂದು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಹೇಳಿವೆ. ಅಮ್ಮ ಹುಟ್ಟಿದ್ದು 1970ರಲ್ಲಿ, ಕ್ಯಾಂಪಿನಲ್ಲೇ. ತಾಯಿ ಪ್ರಜೆಯಾದರೆ ಮಗನಾಗಿ ನನಗೂ ಹಕ್ಕಿದೆ.

ಆದರೆ ಪಾಸ್‌ಪೋರ್ಟ್ ಬೇಕಂದರೆ ಆರ್‌ಸಿ ವಾಪಸ್ ಕೊಡಬೇಕು. ನರ್ಸ್ ಆಗಿರುವ ತಂಗಿ ಹಿಂದೆಮುಂದೆ ನೋಡದೆ ಅರ್ಜಿ ಹಾಕಿದಳು. ಮೋಲಾ ಮಾತ್ರ ಎರಡು ದಿನ ಅವಳ ಜೊತೆ ಮಾತು ಬಿಟ್ಟರು. ಅವರ ಲೆಕ್ಕದಲ್ಲಿ ಆರ್‌ಸಿ ಅಂದರೆ ಒಂದು ದಿನ ವಾಪಸ್ ಹೋಗ್ತೀವಿ ಅನ್ನೋದಕ್ಕೆ ಸಾಕ್ಷಿ. ಅಮ್ಮನದು ಬೇರೆ ಚಿಂತೆ: ಮನೆ, ಹೊಲ ಕೊಟ್ಟಿದ್ದು ನಿರಾಶ್ರಿತರು ಅಂತ, ಎಲ್ಲರೂ ಪ್ರಜೆಗಳಾದರೆ ನಾಳೆ ಕ್ಯಾಂಪಿನ ಗತಿ ಏನು?

ನಾನೂ ಈ ವರ್ಷ ಅರ್ಜಿ ತುಂಬುತ್ತಿದ್ದೇನೆ. ಮೋಲಾಗೆ ಹೇಳಿಯೇ ತುಂಬುತ್ತಿದ್ದೇನೆ. ಒಪ್ಪಿದ್ದಾರೆ ಅನ್ನಲಾರೆ, ಆದರೆ ತಮ್ಮ ಹಳೇ ಟ್ರಂಕಿನಿಂದ ಅಮ್ಮನ ಜನನ ಪತ್ರ ಹುಡುಕಿ ಕೊಟ್ಟವರು ಅವರೇ.

ಕ್ಯಾಂಪಿನ ತಮ್ಮ-ತಂಗಿಯರಿಗೆ ಒಂದು ಮಾತು: ಓದುತ್ತಿರುವಾಗಲೇ ಆರ್‌ಸಿ, ಐಸಿ, ಅಪ್ಪ-ಅಮ್ಮನ ಜನನ ಪತ್ರ ಎಲ್ಲ ಸರಿಮಾಡಿಟ್ಟುಕೊಳ್ಳಿ. ಆಫರ್ ಲೆಟರ್ ಬಂದ ಮೇಲೆ ಟೈಮ್ ಇರಲ್ಲ. ಕಂಪನಿಗಳ ಎಚ್‌ಆರ್‌ನಲ್ಲಿ ಇರುವವರಿಗೂ ಒಂದು ವಿನಂತಿ: ಯಾರಾದರೂ ಹಳದಿ ಪುಸ್ತಕ ತಂದರೆ ಪಕ್ಕಕ್ಕಿಡಬೇಡಿ. ಎರಡು ತಿಂಗಳು ಮೊದಲೇ ತಿಳಿಸಿ, ಅಷ್ಟು ಸಾಕು.