ಷಟ್ಚಕ್ರಗಳ ನೆಲೆ

ಆರ್ಯಸಮಾಜದ ಸಂಸ್ಥಾಪಕರಾದ ದಯಾನಂದ ಸರಸ್ವತಿಯವರು ತಮ್ಮ ಆತ್ಮಕಥನದಲ್ಲಿ ಪರಿವ್ರಾಜಕ ಜೀವನದ ಪ್ರಸಂಗವೊಂದನ್ನು ಹೇಳಿಕೊಂಡಿದ್ದಾರೆ. ನಾಡೀಚಕ್ರಗಳ ವಿವರಣೆಯಿದ್ದ ಯೋಗಗ್ರಂಥಗಳನ್ನು ಜೊತೆಗಿಟ್ಟುಕೊಂಡು ಗಂಗಾತೀರದಲ್ಲಿ ಸಂಚರಿಸುತ್ತಿದ್ದಾಗ, ಹೊಳೆಯಲ್ಲಿ ತೇಲಿಬಂದ ಶವವೊಂದನ್ನು ಕಂಡು, ನೀರಿಗಿಳಿದು ಅದನ್ನು ದಡಕ್ಕೆಳೆದು, ಚೂರಿಯಿಂದ ಸೀಳಿ, ಹೃದಯವನ್ನು ಹೊರತೆಗೆದು ಪರೀಕ್ಷಿಸಿ, ಗ್ರಂಥದ ವರ್ಣನೆಗೂ ಕಣ್ಣೆದುರಿನ ಅವಯವಗಳಿಗೂ ಲೇಶಮಾತ್ರವೂ ಹೊಂದಿಕೆಯಿಲ್ಲವೆಂದು ನಿಶ್ಚಯಿಸಿ, ಆ ಗ್ರಂಥಗಳನ್ನು ಹರಿದು ಶವದೊಡನೆಯೇ ಹೊಳೆಗೆಸೆದರಂತೆ. ಸತ್ಯವನ್ನು ಸ್ವಹಸ್ತದಿಂದಲೇ ಪರೀಕ್ಷಿಸಬೇಕೆಂಬ ಆ ಧೈರ್ಯಕ್ಕೆ ತಲೆಬಾಗಲೇಬೇಕು. ಆದರೆ ಶವದಲ್ಲಿ ಚಕ್ರಗಳನ್ನು ಅರಸಬಹುದೆಂಬ ನಿರೀಕ್ಷೆ ಆ ಶಾಸ್ತ್ರದ ಸ್ವಭಾವಕ್ಕೆ ಹೊರಗಿನದು. 1927ರಲ್ಲಿ ವಸಂತ ರೇಳೆಯವರೆಂಬ ವೈದ್ಯರು ಕುಂಡಲಿನಿಯೆಂದರೆ ವೇಗಸ್ ನರವೇ ಎಂದು ಪ್ರತಿಪಾದಿಸಿದಾಗ, ಉದ್ದೇಶ ಶಾಸ್ತ್ರಸಮರ್ಥನೆಯಾಗಿದ್ದರೂ ನಿರೀಕ್ಷೆ ಅದೇ ಆಗಿತ್ತು.

ಇಂದು ಎಲ್ಲೆಲ್ಲಿಯೂ ಪರಿಚಿತವಾಗಿರುವ ಷಟ್ಚಕ್ರವರ್ಣನೆ ಬಹುಮಟ್ಟಿಗೆ ವಂಗದೇಶದ ಪೂರ್ಣಾನಂದ ಯತಿ 1577ರಲ್ಲಿ ರಚಿಸಿದ ‘ಷಟ್ಚಕ್ರನಿರೂಪಣ’ದಿಂದ ಬಂದುದು, 1919ರಲ್ಲಿ ಜಾನ್ ವುಡ್ರೋಫ್ ಅದನ್ನು ಇಂಗ್ಲಿಷಿಗೆ ತಂದ ಮೇಲೆ ಪಶ್ಚಿಮದಲ್ಲಿಯೂ ಹರಡಿತು. ಮೂಲಾಧಾರಕ್ಕೆ ನಾಲ್ಕು ದಳ, ಸ್ವಾಧಿಷ್ಠಾನಕ್ಕೆ ಆರು, ಮಣಿಪೂರಕ್ಕೆ ಹತ್ತು, ಅನಾಹತಕ್ಕೆ ಹನ್ನೆರಡು, ವಿಶುದ್ಧಿಗೆ ಹದಿನಾರು, ಆಜ್ಞೆಗೆ ಎರಡು, ಕೂಡಿದರೆ ಐವತ್ತು. ಈ ಐವತ್ತು ದಳಗಳ ಮೇಲೆ ಸಂಸ್ಕೃತ ವರ್ಣಮಾಲೆಯ ಐವತ್ತು ಅಕ್ಷರಗಳೂ ನೆಲೆಗೊಂಡಿವೆ: ಕಂಠದಲ್ಲಿ ಹದಿನಾರು ಸ್ವರಗಳು, ಹೃದಯದಲ್ಲಿ ಕಕಾರದಿಂದ ಠಕಾರದವರೆಗೆ, ಬೆನ್ನುಮೂಳೆಯ ಬುಡದಲ್ಲಿ ವ, ಶ, ಷ, ಸ. ಮೂಲಾಧಾರದ ನಡುವೆ ಪೃಥ್ವಿಯ ಚತುರಸ್ರ, ಅದರಲ್ಲಿ ‘ಲಂ’ ಎಂಬ ಬೀಜ, ಬೀಜಕ್ಕೆ ಆನೆಯ ವಾಹನ. ಪೂಜೆಗೆ ಕುಳಿತ ಸಾಧಕನು ಭೂತಶುದ್ಧಿಯಲ್ಲಿ ಪೃಥ್ವಿಯನ್ನು ಜಲದಲ್ಲಿಯೂ, ಜಲವನ್ನು ಅಗ್ನಿಯಲ್ಲಿಯೂ, ಅಗ್ನಿಯನ್ನು ವಾಯುವಿನಲ್ಲಿಯೂ, ವಾಯುವನ್ನು ಆಕಾಶದಲ್ಲಿಯೂ ಲಯಗೊಳಿಸುತ್ತ, ಸೃಷ್ಟಿ ಇಳಿದುಬಂದ ದಾರಿಯಲ್ಲಿಯೇ ಹಿಂದಿರುಗಿ ಏರುತ್ತಾನೆ. ಪದ್ಮವಿರುವುದು ಅವನ ಭಾವನೆಯಲ್ಲಿ. ಮಂತ್ರದಿಂದಲೂ ನ್ಯಾಸದಿಂದಲೂ ಅವನು ಅದನ್ನು ಅಲ್ಲಿ ಪ್ರತಿಷ್ಠಿಸಿಕೊಳ್ಳುತ್ತಾನೆ.

ಸಂಪ್ರದಾಯದಿಂದ ಸಂಪ್ರದಾಯಕ್ಕೆ ಚಕ್ರಗಳ ಸಂಖ್ಯೆ ಬೇರೆಯಾಗುವುದೂ ಇದರಿಂದಲೇ. ಬೌದ್ಧರ ಹೇವಜ್ರತಂತ್ರ ನಾಲ್ಕನ್ನು ಹೇಳುತ್ತದೆ. ನಾಥರ ‘ಸಿದ್ಧಸಿದ್ಧಾಂತಪದ್ಧತಿ’ ಒಂಬತ್ತನ್ನು. ಪೂರ್ಣಾನಂದರು ಸ್ವಾಧಿಷ್ಠಾನದಲ್ಲಿ ಜಲವನ್ನೂ ಮಣಿಪೂರದಲ್ಲಿ ಅಗ್ನಿಯನ್ನೂ ಇರಿಸಿದರೆ, ಶಂಕರರದೆಂದು ಪ್ರಸಿದ್ಧವಾದ ‘ಸೌಂದರ್ಯಲಹರಿ’ ಇವೆರಡನ್ನೂ ಅದಲುಬದಲು ಮಾಡುತ್ತದೆ. ಎಲುಬುಗಳ ವಿಷಯದಲ್ಲಿ ಇಂಥ ಭೇದ ದೋಷವೆನಿಸುತ್ತಿತ್ತು. ಉಪಾಸನೆಯ ವಿಷಯದಲ್ಲಿ, ದೇವತೆಗೂ ಮಂತ್ರಕ್ಕೂ ತಕ್ಕಂತೆ ಕ್ರಮ ಬದಲಾಗುವುದು ಸಹಜವೇ. ಯೋಗಶಾಲೆಗಳ ಗೋಡೆಯ ಮೇಲೆ ಕಾಣುವ ಕಾಮನಬಿಲ್ಲಿನ ಏಳು ಬಣ್ಣಗಳು ಮಾತ್ರ ಕಳೆದ ಶತಮಾನದ ಪಾಶ್ಚಾತ್ಯ ಕಲ್ಪನೆ. ಪೂರ್ಣಾನಂದರ ಮಣಿಪೂರ ಕಾರ್ಮೋಡದ ಬಣ್ಣದ್ದು, ಅನಾಹತ ಬಂಧೂಕಪುಷ್ಪದಂತೆ ಕೆಂಪಾದುದು.

ಈ ಸೂಕ್ಷ್ಮಶರೀರ ಗುಹಾವಾಸಿಗಳಾದ ಯೋಗಿಗಳ ಸ್ವತ್ತೆಂದು ಭಾವಿಸುವವರು, ಶುಕ್ರವಾರ ನಮ್ಮ ಮನೆಗಳಲ್ಲಿ ತಾಯಂದಿರು ಪಠಿಸುವ ಲಲಿತಾಸಹಸ್ರನಾಮಕ್ಕೆ ಸ್ವಲ್ಪ ಕಿವಿಗೊಡಬೇಕು. ಅಲ್ಲಿ ಒಂದೊಂದು ಚಕ್ರಕ್ಕೂ ಒಬ್ಬೊಬ್ಬ ಯೋಗಿನಿ, ಅವಳ ಅಧೀನಕ್ಕೆ ದೇಹದ ಒಂದು ಧಾತು, ಅವಳಿಗೆ ಪ್ರಿಯವಾದ ಒಂದು ಅನ್ನ. ವಿಶುದ್ಧಿಯ ಡಾಕಿನಿ ತ್ವಚೆಯಲ್ಲಿರುವವಳು, ಪಾಯಸಾನ್ನಪ್ರಿಯೆ; ಅನಾಹತದ ರಾಕಿನಿ ರಕ್ತದಲ್ಲಿದ್ದು ತುಪ್ಪದನ್ನವನ್ನು ಮೆಚ್ಚುವವಳು; ಮಣಿಪೂರದ ಲಾಕಿನಿಗೆ ಮಾಂಸ ನೆಲೆ, ಬೆಲ್ಲದನ್ನ ಇಷ್ಟ; ಸ್ವಾಧಿಷ್ಠಾನದ ಕಾಕಿನಿಗೆ ಮೇದಸ್ಸು ಮತ್ತು ಮೊಸರನ್ನ; ಮೂಲಾಧಾರದ ಸಾಕಿನಿಗೆ ಅಸ್ಥಿ ಮತ್ತು ಹೆಸರುಬೇಳೆಯ ಅನ್ನ; ಆಜ್ಞೆಯ ಹಾಕಿನಿಗೆ ಮಜ್ಜೆ ಮತ್ತು ಅರಿಶಿನದನ್ನ. ಸಹಸ್ರಾರದ ಯಾಕಿನಿಯಾದರೋ ಎಲ್ಲ ಅನ್ನಗಳನ್ನೂ ಸ್ವೀಕರಿಸುವವಳು. ಚರ್ಮ, ರಕ್ತ, ಮಾಂಸಗಳೆಂದು ವೈರಾಗ್ಯಶಾಸ್ತ್ರಗಳು ಜುಗುಪ್ಸೆಯಿಂದ ಎಣಿಸಿ ತೋರಿಸುವ ಅವೇ ಧಾತುಗಳನ್ನು ಒಂದೊಂದಾಗಿ ದೇವಿಯ ಆಸನಗಳೆಂದು ಕರೆದು, ಅಡುಗೆಮನೆಯ ಅನ್ನಗಳನ್ನೇ ಅವಕ್ಕೆ ನೈವೇದ್ಯವಾಗಿಸಿದ ಈ ದೃಷ್ಟಿಗಿಂತ ಉದಾರವಾದುದನ್ನು ನಾನು ಬೇರೆ ಯಾವ ಶರೀರಶಾಸ್ತ್ರದಲ್ಲಿಯೂ ಕಂಡಿಲ್ಲ.

ಕನ್ನಡನಾಡಿನ ಶರಣಪರಂಪರೆ ಈ ಚಕ್ರಗಳನ್ನು ತನ್ನದಾಗಿಸಿಕೊಂಡ ರೀತಿಯನ್ನು ಇಲ್ಲಿ ನೆನೆಯಲೇಬೇಕು. ಷಟ್‌ಸ್ಥಲಶಾಸ್ತ್ರದಲ್ಲಿ ಆಧಾರಚಕ್ರವು ಭಕ್ತಸ್ಥಲ, ಅಲ್ಲಿರುವುದು ಆಚಾರಲಿಂಗ. ಮುಂದೆ ಗುರುಲಿಂಗ, ಶಿವಲಿಂಗ, ಜಂಗಮಲಿಂಗ, ಪ್ರಸಾದಲಿಂಗಗಳನ್ನು ದಾಟಿ ಆಜ್ಞೆಯಲ್ಲಿ ಮಹಾಲಿಂಗ, ಐಕ್ಯಸ್ಥಲ. ಸುರುಳಿಸುತ್ತಿದ ಸರ್ಪಶಕ್ತಿಯನ್ನು ಬಲಪ್ರಯೋಗದಿಂದ ಎಬ್ಬಿಸುವ ಮಾತಿಗಿಂತ ಮೊದಲು ಆಚಾರವನ್ನೇ ಬುಡದಲ್ಲಿ ನಿಲ್ಲಿಸಿದ್ದು ಶರಣರ ವೈಶಿಷ್ಟ್ಯವೆಂದು ನನಗೆ ತೋರುತ್ತದೆ. ಆ ಲಿಂಗಗಳಿಗೆ ಇಂದ್ರಿಯಗಳೇ ಮುಖಗಳು: ಆಚಾರಲಿಂಗಕ್ಕೆ ಘ್ರಾಣದ ಮೂಲಕ ಗಂಧ, ಗುರುಲಿಂಗಕ್ಕೆ ಜಿಹ್ವೆಯ ಮೂಲಕ ರುಚಿ, ಶಿವಲಿಂಗಕ್ಕೆ ಕಣ್ಣಿನ ಮೂಲಕ ರೂಪ, ಜಂಗಮಲಿಂಗಕ್ಕೆ ತ್ವಚೆಯ ಮೂಲಕ ಸ್ಪರ್ಶ, ಪ್ರಸಾದಲಿಂಗಕ್ಕೆ ಕಿವಿಯ ಮೂಲಕ ಶಬ್ದ ಅರ್ಪಿತವಾಗಬೇಕು. ಹೀಗಾಗಿ ಸಾಧನೆಗೆ ಪ್ರತ್ಯೇಕವಾದ ಮುಹೂರ್ತವಿಲ್ಲ; ಮೂಸುವ ಹೂವು, ಉಣ್ಣುವ ತುತ್ತು, ಕೇಳುವ ಮಾತು ಎಲ್ಲವೂ ಅದರ ಸಾಮಗ್ರಿಯೇ. ಆರಕ್ಕೇ ನಿಲ್ಲದೆ ಬ್ರಹ್ಮರಂಧ್ರ, ಶಿಖೆ, ಪಶ್ಚಿಮವೆಂಬ ಇನ್ನೂ ಮೂರು ಚಕ್ರಗಳನ್ನು ಹೇಳಿ, ಅವುಗಳಲ್ಲಿ ನಿಷ್ಕಲ, ಶೂನ್ಯ, ನಿರಂಜನ ಲಿಂಗಗಳನ್ನು ಕಾಣುವ ಕ್ರಮವೂ ಈ ಪರಂಪರೆಯಲ್ಲಿದೆ.