ಮೆಮೊರಿಯೊಳಗೆ ಹೊಸಕೋಟೆ

ಓಡುತ್ತಿರುವ ಪ್ರೋಗ್ರಾಮಿನ ಮೆಮೊರಿಯಲ್ಲಿ ಇರುವುದು ಬರೀ ಬೈಟುಗಳು. ಅವಕ್ಕೆ ಅರ್ಥ ಬರುವುದು ಟೈಪಿನಿಂದ. 1065353216 ಎಂಬ ಪೂರ್ಣಾಂಕವಿರುವ ನಾಲ್ಕು ಬೈಟುಗಳನ್ನೇ ಫ್ಲೋಟ್ ಎಂದು ಓದಿದರೆ ಸಿಗುವುದು 1. ಕಂಪೈಲ್ ಮಾಡುವಾಗ ಡೀಬಗ್ ಮಾಹಿತಿ ಸೇರಿಸಿದ್ದರೆ, ಯಾವ ವೇರಿಯಬಲ್ ಯಾವ ಟೈಪಿನದು ಎಂಬುದು ಡೀಬಗರ್‌ಗೆ ಗೊತ್ತಿರುತ್ತದೆ.

ಪಾವಗಡ ತಾಲ್ಲೂಕಿನ ಹೋಬಳಿಗಳ ಪಟ್ಟಿ ಇಟ್ಟುಕೊಂಡ ಸಿ ಪ್ಲಸ್ ಪ್ಲಸ್ ಪ್ರೋಗ್ರಾಮೊಂದನ್ನು ಊಹಿಸಿಕೊಳ್ಳಬಹುದು. ಅವುಗಳಲ್ಲೊಂದಾದ ವೈ.ಎನ್.ಹೊಸಕೋಟೆಯ ಹೆಸರಿನಲ್ಲಿ ‘ಹೊಸಕೋಟೆ’ ಎಂಬಷ್ಟಕ್ಕೇ ಯುಟಿಎಫ್-8ರಲ್ಲಿ 21 ಬೈಟು ಬೇಕು. ಜಿಸಿಸಿ ಕಂಪೈಲರ್ ಜತೆ ಬರುವ ಲೈಬ್ರರಿಯ ಸ್ಟ್ರಿಂಗ್ 15 ಬೈಟುಗಳವರೆಗಿನ ಪಠ್ಯವನ್ನಷ್ಟೇ ತನ್ನೊಳಗೆ ಇಟ್ಟುಕೊಳ್ಳುತ್ತದೆ. ಅದಕ್ಕಿಂತ ದೊಡ್ಡದು ಹೀಪ್‌ಗೆ ಹೋಗಿ, ಸ್ಟ್ರಿಂಗಿನೊಳಗೆ ಪಠ್ಯದ ಬದಲು ಅದರ ವಿಳಾಸ ಉಳಿಯುತ್ತದೆ. ಡೀಬಗರ್‌ನಲ್ಲಿ ಅಕ್ಷರಸಂಕೇತದ ಹೊಂದಿಕೆ ತಪ್ಪಿದ್ದರಂತೂ ‘ಹ’ ಅಕ್ಷರ 340, 262, 271 ಎಂಬ ಅಷ್ಟಮಾನ ಅಂಕಿಗಳಾಗಿ ಪರದೆಗೆ ಬರುತ್ತದೆ. ಕನ್ನಡ ಓದುವವರಿಗೆ ಇದರಿಂದ ಏನೂ ಉಪಯೋಗವಿಲ್ಲ.

ಜಿಡಿಬಿ ಡೀಬಗರ್‌ಗೆ 2009ರ 7.0 ಆವೃತ್ತಿಯಲ್ಲಿ ಪೈಥಾನ್ ಸ್ಕ್ರಿಪ್ಟಿಂಗ್ ಸೇರಿದ್ದು ಇಂಥ ಕಡೆ ನೆರವಿಗೆ ಬರುತ್ತದೆ. ವೇರಿಯಬಲ್‌ನ ಹೆಸರು ಕೊಟ್ಟರೆ ‘ವ್ಯಾಲ್ಯೂ’ ಎಂಬ ಆಬ್ಜೆಕ್ಟ್ ಸಿಗುತ್ತದೆ. ಅದರ ಟೈಪ್ ಕೇಳಬಹುದು, ಫೀಲ್ಡುಗಳನ್ನು ಹೆಸರು ಹಿಡಿದು ತೆಗೆಯಬಹುದು, ಪಾಯಿಂಟರ್ ಹಿಂಬಾಲಿಸಿ ಬೈಟುಗಳನ್ನು ಯುಟಿಎಫ್-8 ಪಠ್ಯವಾಗಿ ಓದಬಹುದು. ಬೇಸ್ ಕ್ಲಾಸಿನ ಪಾಯಿಂಟರ್ ಇದ್ದರೆ, ಆ ಕ್ಲಾಸಿನಲ್ಲಿ ವರ್ಚುವಲ್ ಫಂಕ್ಷನ್ ಇದ್ದ ಪಕ್ಷದಲ್ಲಿ, ಅದರ ಹಿಂದಿನ ಆಬ್ಜೆಕ್ಟಿನ ನಿಜವಾದ ಟೈಪನ್ನೂ ಪತ್ತೆಮಾಡಬಹುದು. ಈ ಕೆಲಸವನ್ನೆಲ್ಲ ‘ಪ್ರೆಟಿ ಪ್ರಿಂಟರ್’ ಆಗಿ ಒಮ್ಮೆ ಬರೆದು ನೋಂದಾಯಿಸಿದರೆ, ಮುಂದೆ ಸಾಮಾನ್ಯ ಪ್ರಿಂಟ್ ಆದೇಶಕ್ಕೇ ಹೋಬಳಿಯ ಹೆಸರು ನೇರವಾಗಿ ಕಾಣುತ್ತದೆ.

ಆಪ್ಟಿಮೈಸ್ ಆದ ಪ್ರೋಗ್ರಾಮಿನಲ್ಲಿ ಮಾತ್ರ ಕೆಲವು ವೇರಿಯಬಲ್‌ಗಳು ಎಲ್ಲೂ ಉಳಿದಿರುವುದಿಲ್ಲ. ಅವನ್ನು ಯಾವ ಸ್ಕ್ರಿಪ್ಟೂ ತೋರಿಸಲಾರದು.